ಚದರಡಿಗೆ ಎಷ್ಟು ಡಾಲರ್?

ನೊಬೆಲ್ ಘೋಷಣೆಯಾಗಿ ಎಂಟೇ ದಿನಕ್ಕೆ ಆತ್ಮಕತೆ ಅಂಗಡಿಗೆ ಬಂತು ಅಂದರೆ ಯಾರಿಗಾದರೂ ಅನುಮಾನ ಬರುತ್ತೆ. ಕಾಟಲಿನ್ ಕಾರಿಕೊ ಅವರ ‘ಬ್ರೇಕಿಂಗ್ ಥ್ರೂ’ ವಿಷಯದಲ್ಲಿ ಆ ಅನುಮಾನ ಬೇಡ. 2023ರ ಅಕ್ಟೋಬರ್ 2ಕ್ಕೆ ಪ್ರಶಸ್ತಿ, 10ಕ್ಕೆ ಪುಸ್ತಕ. ಅಂದರೆ ಪುಸ್ತಕ ಅಚ್ಚಿಗೆ ಹೋಗುವಾಗ ನೊಬೆಲ್ ಬಂದಿರಲಿಲ್ಲ. ಹಾಗಂತ ಇದು ಯಾರೂ ಕೇಳದ ವಿಜ್ಞಾನಿಯ ಅಳಲೂ ಅಲ್ಲ. ಕೋವಿಡ್ ಲಸಿಕೆಯ ಹಿಂದಿದ್ದ ಎಂಆರ್‌ಎನ್‌ಎ ಕೆಲಸಕ್ಕೆ 2021ರಲ್ಲೇ ಲಾಸ್ಕರ್ ಪ್ರಶಸ್ತಿ ಬಂದಿತ್ತು, ಅವರ ಫೋಟೊ ಜಗತ್ತಿನ ಎಲ್ಲ ಪೇಪರಿನಲ್ಲೂ ಬಂದಿತ್ತು. ಗೆದ್ದವರು ಬರೆದ ಪುಸ್ತಕವೇ ಇದು. ಆದರೆ ಸೋತ ವರ್ಷಗಳ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಇಟ್ಟ ಗೆದ್ದವರನ್ನು ನಾನು ಓದಿರಲಿಲ್ಲ.

ಮೊದಲ ಭಾಗ ಹಂಗೇರಿಯದ್ದು. ಕಿಶುಯ್‌ಸಾಲಾಶ್ ಅನ್ನೋ ಸಣ್ಣ ಊರು. ಅಪ್ಪ ಕಟುಕ, ಅಮ್ಮ ಲೆಕ್ಕ ಬರೆಯುವವರು. ಮನೆಗೆ ನಲ್ಲಿ ನೀರಿಲ್ಲ, ಫ್ರಿಜ್ಜಿಲ್ಲ, ಟಿವಿಯಿಲ್ಲ. ಅಪ್ಪ ಹಂದಿ ಬಗೆಯುವಾಗ ಹುಡುಗಿ ಹತ್ತಿರ ನಿಂತು ಒಳಗೆ ಏನೇನಿದೆ ಅಂತ ನೋಡುತ್ತಾಳೆ. ಈ ಪುಟಗಳಲ್ಲಿ ಬಡತನದ ಪ್ರದರ್ಶನ ಇಲ್ಲ, ಅದು ನನಗೆ ಬಹಳ ಹಿಡಿಸಿತು. ನಮ್ಮ ನಾಗಮಂಗಲದ ಕಡೆ ಮಾರಿಹಬ್ಬಕ್ಕೆ ಮರಿ ಕಡಿಯುವಾಗ ಸುತ್ತ ನಿಲ್ಲುವ ಹುಡುಗರಲ್ಲಿ ಒಬ್ಬನಿಗಾದರೂ ಇದೇ ಕುತೂಹಲ ಇರುತ್ತೆ. ಪಿತ್ತಕೋಶ ಒಡೆಯದ ಹಾಗೆ ಬಿಡಿಸೋ ಹಿರಿಯರ ಕೈ ನೋಡಿ ನಾನು ಕಲಿತ ಬಯಾಲಜಿ, ಪಿಯುಸಿ ಲ್ಯಾಬಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ. ಕಾರಿಕೊ ಬಾಲ್ಯವನ್ನು ಹೇಳುವುದು ಹಾಗೆ: ಇದೆಲ್ಲ ಇರಲಿಲ್ಲ ಅಂತ ಅಲ್ಲ, ನೋಡೋಕೆ ಇಷ್ಟೆಲ್ಲ ಇತ್ತು ಅಂತ. 1985ರಲ್ಲಿ ಸೆಗೆಡ್ ನಗರದ ಲ್ಯಾಬಿನಲ್ಲಿ ದುಡ್ಡು ಮುಗಿದು ಕೆಲಸ ಹೋದಾಗ ಕಾರು ಮಾರಿ, ಬಂದ 900 ಪೌಂಡನ್ನು ಮಗಳ ಕರಡಿ ಬೊಂಬೆಯೊಳಗೆ ಹೊಲಿದು ಅಮೆರಿಕಕ್ಕೆ ಹೊರಟ ಕತೆ ನಿಮಗೂ ಗೊತ್ತಿರುತ್ತೆ. ಆ ಬೊಂಬೆ ಈಗ ಪುಸ್ತಕಕ್ಕಿಂತ ಫೇಮಸ್ಸು, ಅದನ್ನು ಬಿಡೋಣ.

ಮಾಡಿದ ಕೆಲಸ ಏನು ಅನ್ನೋದನ್ನ ಮಾತ್ರ ಬಿಡೋ ಹಾಗಿಲ್ಲ. ದರ್ಶಿನಿಯಲ್ಲಿ ಕ್ಯಾಶ್ ಕೌಂಟರಿನವರು ಒಂದು ಚೀಟಿ ಕೊಡ್ತಾರಲ್ಲ, ಅದನ್ನು ಒಳಗೆ ಕೊಟ್ಟರೆ ದೋಸೆ ಬರುತ್ತೆ, ಚೀಟಿ ಕಸದ ಬುಟ್ಟಿಗೆ ಹೋಗುತ್ತೆ. ಎಂಆರ್‌ಎನ್‌ಎ ಅಂದರೆ ಜೀವಕೋಶದೊಳಗಿನ ಅಂಥ ಚೀಟಿ. ನಾವೇ ಹೊರಗೆ ಚೀಟಿ ಬರೆದು ಒಳಗೆ ಕಳಿಸಿದರೆ ನಮಗೆ ಬೇಕಾದ ಪ್ರೋಟೀನನ್ನು ದೇಹದ ಕೈಲೇ ಮಾಡಿಸಬಹುದು ಅನ್ನೋದು ಕಾರಿಕೊ ಹಿಡಿದ ಹಟ. ಕಷ್ಟ ಏನಂದರೆ ಹೊರಗಿನ ಚೀಟಿ ಕಂಡ ಕೂಡಲೇ ದೇಹ ಕಳ್ಳ ಬಂದ ಅಂತ ಕೂಗುತ್ತೆ, ಉರಿಯೂತ ಶುರುವಾಗುತ್ತೆ. 1990ರ ದಶಕದ ಕೊನೆಯಲ್ಲಿ ಜೆರಾಕ್ಸ್ ಮೆಷಿನ್ ಹತ್ತಿರ ಪರಿಚಯವಾದ ಡ್ರೂ ವೈಸ್‌ಮನ್ ಜೊತೆ ಸೇರಿ ಅವರು ಕಂಡುಕೊಂಡದ್ದು ಇಷ್ಟು: ಚೀಟಿಯಲ್ಲಿನ ಯುರಿಡಿನ್ ಅನ್ನೋ ಅಕ್ಷರದ ಬದಲು ಸ್ಯೂಡೊಯುರಿಡಿನ್ ಹಾಕಿದರೆ ಆ ಕೂಗಾಟ ನಿಲ್ಲುತ್ತೆ. ಪ್ರಬಂಧವನ್ನು ‘ನೇಚರ್’ ಬೇಡ ಅಂದಿತು, 2005ರಲ್ಲಿ ‘ಇಮ್ಯೂನಿಟಿ’ ಪತ್ರಿಕೆ ಹಾಕಿತು. ಇನ್ನು ಫೋನ್ ಮೇಲೆ ಫೋನ್ ಬರುತ್ತೆ ಅಂದುಕೊಂಡಿದ್ದರಂತೆ. ಬರಲಿಲ್ಲ.

ಪುಸ್ತಕದ ನಿಜವಾದ ಜೀವ ಇರೋದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಾಯಗಳಲ್ಲಿ. ಐಟಿಯಲ್ಲಿರುವ ಯಾರಿಗೇ ಆಗಲಿ ಇಲ್ಲಿ ಬೆನ್ನಹುರಿ ಸ್ವಲ್ಪ ತಣ್ಣಗಾಗುತ್ತೆ. 1989ರಲ್ಲಿ ಅಲ್ಲಿ ಸೇರಿದ ಕಾರಿಕೊ ಹೆಸರಿಗೆ ಪ್ರೊಫೆಸರ್ ಪಂಕ್ತಿಯಲ್ಲೇ ಇದ್ದರು, ಆದರೆ ಕಾಯಂ ಆಗುವ ದಾರಿಯದಲ್ಲ. ಹೊರಗಿನಿಂದ ಗ್ರ್ಯಾಂಟ್ ತಂದರೆ ಉಳಿಯಬಹುದು, ತರದಿದ್ದರೆ ಇಲ್ಲ. ಅರ್ಜಿ ಹಾಕುತ್ತಲೇ ಹೋದರು, ವಾಪಸ್ ಬರುತ್ತಲೇ ಹೋಯಿತು. 1995ರಲ್ಲಿ ಅವರ ಮುಂದೆ ಎರಡು ದಾರಿ ಇಟ್ಟರು: ಹೊರಡಿ, ಇಲ್ಲವೇ ಕೆಳಗಿನ ಹುದ್ದೆಗೆ ಇಳಿಯಿರಿ. ಆಗ ಗಂಡ ವೀಸಾ ತೊಡಕಿನಲ್ಲಿ ಹಂಗೇರಿಯಲ್ಲಿ ಸಿಕ್ಕಿಬಿದ್ದಿದ್ದಾರೆ, ಇವರಿಗೆ ಕ್ಯಾನ್ಸರ್ ಇರಬಹುದೇನೋ ಅನ್ನೋ ಭಯ. ಇಳಿದರು. ಅವರ ಸಂಬಳ ವರ್ಷಕ್ಕೆ 60,000 ಡಾಲರ್ ದಾಟಲೇ ಇಲ್ಲ ಅಂತ ‘ನ್ಯೂಯಾರ್ಕ್ ಟೈಮ್ಸ್’ 2021ರಲ್ಲಿ ಬರೆದಿತ್ತು.

ಇದೇ ಅಧ್ಯಾಯಗಳಲ್ಲಿ ಒಂದು ಅಳತೆಗೋಲು ಬರುತ್ತೆ. ಲ್ಯಾಬಿನ ಒಂದು ಚದರಡಿ ಜಾಗ ಎಷ್ಟು ಡಾಲರ್ ಗ್ರ್ಯಾಂಟ್ ತರುತ್ತೆ ಅನ್ನೋ ಲೆಕ್ಕ. ಓದುತ್ತಾ ನಗು ಬಂತು, ಆಮೇಲೆ ಬರಲಿಲ್ಲ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ‘ಬಿಲ್ಲಬಲ್’ ಅಲ್ಲದವರನ್ನ ಬೆಂಚ್ ಮೇಲೆ ಇದ್ದಾನೆ ಅಂತಿದ್ವಿ. ಬೆಂಚ್ ಮೇಲೆ ಕೂತವನು ಮೂರು ತಿಂಗಳು ಯಾರಿಗೂ ಬೇಡದ ಒಂದು ಟೂಲ್ ಬರೆದರೆ, ಎರಡು ವರ್ಷ ಆದಮೇಲೆ ಇಡೀ ಪ್ರಾಜೆಕ್ಟ್ ಅದರ ಮೇಲೆ ಓಡಿದರೆ, ಆ ಮೂರು ತಿಂಗಳ ರೇಟಿಂಗನ್ನ ಯಾರಾದರೂ ವಾಪಸ್ ತಿದ್ದುತ್ತಾರಾ? ಜೀವವಿಜ್ಞಾನದಲ್ಲಿ ಆ ಎರಡು ವರ್ಷ ಅನ್ನೋದು ಇಪ್ಪತ್ತು ವರ್ಷ ಆಗಿರುತ್ತೆ ಅನ್ನೋದಷ್ಟೇ ವ್ಯತ್ಯಾಸ. ಕೋಶ ಬೆಳೆಯೋಕೆ, ಇಲಿಯಲ್ಲಿ ನೋಡೋಕೆ, ಕೋತಿಯಲ್ಲಿ ನೋಡೋಕೆ, ಕೊನೆಗೆ ಮನುಷ್ಯರಲ್ಲಿ ನೋಡೋಕೆ ಹಿಡಿಯೋ ಕಾಲ ಯಾವ ಅಪ್ರೈಸಲ್ ಸೈಕಲ್ಲಿಗೂ ಹೊಂದಲ್ಲ.

ಹಾಗಾದರೆ ಅವರು ಉಳಿದದ್ದು ಹೇಗೆ? ಇಲ್ಲಿಗೆ ಬಂದರೆ ಪುಸ್ತಕ ಹೇಳುವ ಸಂಗತಿಗೂ ಅದರಿಂದ ಲೇಖಕಿ ತೆಗೆಯುವ ಅರ್ಥಕ್ಕೂ ತಾಳೆಯಾಗಲ್ಲ. ಸಂಗತಿ ಹೀಗಿದೆ. ಮೊದಲು ಹೃದಯದ ವೈದ್ಯ ಎಲಿಯಟ್ ಬಾರ್ನಾಥನ್ ಅವರನ್ನು ತಮ್ಮ ಜೊತೆ ಇಟ್ಟುಕೊಂಡರು. ಬಾರ್ನಾಥನ್ ಕಂಪನಿ ಕೆಲಸಕ್ಕೆ ಹೋದರು, ಇವರ ಕುರ್ಚಿ ಅಲ್ಲಾಡಿತು. ಅವರ ಕೆಲಸವನ್ನು ಹತ್ತಿರದಿಂದ ನೋಡಿದ್ದ ಯುವ ವೈದ್ಯ ಡೇವಿಡ್ ಲ್ಯಾಂಗರ್ ನರಶಸ್ತ್ರಚಿಕಿತ್ಸೆ ವಿಭಾಗದವರ ಬೆನ್ನು ಬಿದ್ದು ಅಲ್ಲೊಂದು ಜಾಗ ಕೊಡಿಸಿದರು. ಮುಂದೆ ಲ್ಯಾಂಗರ್ ಕೂಡ ಬೇರೆ ಕಡೆ ಹೋದರು. ಕಾಯಂ ದಾರಿಗೆ ವಾಪಸ್ ಸೇರಿಸಿಕೊಳ್ಳಿ ಅಂತ ಕೇಳಿದಾಗ, ನೀವು ಆ ಮಟ್ಟದವರಲ್ಲ ಅನ್ನೋ ಉತ್ತರ ಸಿಕ್ಕಿತು. 2013ರಲ್ಲಿ ಒಂದು ದಿನ ಬಂದು ನೋಡಿದರೆ ಲ್ಯಾಬಿನ ಸಾಮಾನೆಲ್ಲ ಕಾರಿಡಾರಿನಲ್ಲಿ. ಆ ವರ್ಷವೇ ಜರ್ಮನಿಯ ಬಯೋಎನ್‌ಟೆಕ್ ಸೇರಿದರು. ವೆಬ್‌ಸೈಟೂ ಇಲ್ಲದ ಕಂಪನಿಗೆ ಹೋಗ್ತಿದ್ದೀಯಾ ಅಂತ ಇಲ್ಲಿನವರು ನಕ್ಕರಂತೆ.

ಕಾರಿಕೊ ಅವರನ್ನು ಯಾರೂ ಗುರುತಿಸಲಿಲ್ಲ ಅಂತ ಎಲ್ಲರೂ ಬರೆದರು. ಅದು ಸರಿಯಲ್ಲ. ಪಕ್ಕದ ಬೆಂಚಿನವರು ಗುರುತಿಸಿದ್ದರು, ಶುರುವಿನಲ್ಲೇ. ಆ ಗುರುತಿಗೆ ಸಂಸ್ಥೆಯ ಯಾವ ಫಾರಮ್ಮಿನಲ್ಲೂ ಕಾಲಂ ಇರಲಿಲ್ಲ. ಗುರುತಿಸಿದ ಮನುಷ್ಯ ಕೆಲಸ ಬಿಟ್ಟ ದಿನ ಗುರುತೂ ಅವನ ಜೊತೆ ಬ್ಯಾಗ್ ಹಾಕಿಕೊಂಡು ಹೊರಟುಹೋಗುತ್ತಿತ್ತು. ಒಳ್ಳೆ ಮ್ಯಾನೇಜರ್ ರಿಸೈನ್ ಮಾಡಿದ ಮಾರನೇ ವಾರ ಟೀಮಿನಲ್ಲಿ ಅನಾಥರಾದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕಾರಿಕೊ ಮಾತ್ರ ಇದನ್ನೆಲ್ಲ ದುಡಿಮೆಯ ಕತೆಯಾಗಿ ಓದುತ್ತಾರೆ. ಹೈಸ್ಕೂಲಿನಲ್ಲಿ ಓದಿದ ಹಾನ್ಸ್ ಸೆಲ್ಯೆ ಅವರ ಒತ್ತಡದ ಕುರಿತ ಪುಸ್ತಕ ಅವರಿಗೆ ಒಂಥರಾ ಮಂತ್ರ: ಬೇರೆಯವರು ಏನು ಮಾಡಬೇಕು ಅಂತ ಯೋಚಿಸಬೇಡ, ನಿನ್ನ ಕೈಲಿ ಏನಾಗುತ್ತೋ ಅದು ಮಾಡು. ತೊಂದರೆ ಕೊಟ್ಟವರಿಗೂ ಥ್ಯಾಂಕ್ಸ್, ಅವರಿಂದಲೇ ನಾನು ಇನ್ನಷ್ಟು ದುಡಿದೆ ಅನ್ನೋ ಅರ್ಥದಲ್ಲಿ ಸಂದರ್ಶನಗಳಲ್ಲೂ ಹೇಳಿದ್ದಾರೆ. ಅವರ ಮಟ್ಟಿಗೆ ಅದು ದೊಡ್ಡ ಗುಣ, ಒಪ್ಪಿದೆ. ಓದುಗನಾಗಿ ನನಗೆ ತಕರಾರಿದೆ. ಹುದ್ದೆಯಿಂದ ಇಳಿಸಿದ್ದು ಒಳ್ಳೇದೇ ಆಯ್ತು ಅಂತ ಇಳಿಸಿಕೊಂಡವರೇ ಹೇಳಿಬಿಟ್ಟರೆ, ಇಳಿಸಿದವರು ಆರಾಮಾಗಿ ಮನೆಗೆ ಹೋಗ್ತಾರೆ. ನೊಬೆಲ್ ಬಂದಾಗ ಆ ವಿಶ್ವವಿದ್ಯಾಲಯ ನಮ್ಮವರು ಅಂತ ಸಂಭ್ರಮಿಸಿತು. ಅಷ್ಟೊತ್ತಿಗೆ ಅವರು ಅಲ್ಲಿ ಬರೀ ಅಡ್ಜಂಕ್ಟ್. ಪೇಟೆಂಟ್ ಇದ್ದದ್ದೂ ವಿಶ್ವವಿದ್ಯಾಲಯದ ಕೈಯಲ್ಲೇ. ಈ ಸಿಟ್ಟನ್ನು ಪುಸ್ತಕ ಪಡಬೇಕಿತ್ತು. ಪಡಲ್ಲ. ಅದೇ ಲ್ಯಾಬುಗಳಲ್ಲಿ ಅವರಷ್ಟೇ ದುಡಿದು, ಮನೆಗೆ ಇನ್ನೊಂದು ಸಂಬಳ ಇಲ್ಲದೆ, ಲ್ಯಾಂಗರ್ ಥರದವನೊಬ್ಬ ಸಿಗದೆ ಬಿಟ್ಟುಹೋದವರು ಪುಸ್ತಕದಲ್ಲಿ ಒಬ್ಬರೂ ಬರಲ್ಲ. ಅವರು ಆತ್ಮಕತೆ ಬರೆಯಲ್ಲವಲ್ಲ.

ಇದು ಅಮೆರಿಕದ ರೋಗ ಅಂದುಕೊಂಡರೆ ಕೋಲ್ಕತ್ತದ ಶಂಭುನಾಥ್ ಡೇ ಅವರನ್ನು ನೆನೆಯಬೇಕು. ಕಾಲರಾ ಬ್ಯಾಕ್ಟೀರಿಯಾ ಮನುಷ್ಯನನ್ನು ಕೊಲ್ಲೋದು ತಾನು ಉಗುಳುವ ಒಂದು ವಿಷದಿಂದ ಅಂತ ಮೊಲದ ಕರುಳಿನಲ್ಲಿ ಪ್ರಯೋಗ ಮಾಡಿ ತೋರಿಸಿದವರು ಅವರು. 1959ರಲ್ಲಿ ‘ನೇಚರ್’ನಲ್ಲಿ ಬಂತು. ಜಗತ್ತಿನ ಕಾಲರಾ ಸಂಶೋಧನೆ ಅದರ ಮೇಲೆ ನಿಂತಿತು. 1978ರಲ್ಲಿ ನೊಬೆಲ್ ಪ್ರತಿಷ್ಠಾನ ತನ್ನ ವಿಚಾರಸಂಕಿರಣಕ್ಕೆ ಕರೆಸಿತು. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರು ಬದುಕಿದ್ದಾಗ ಫೆಲೋ ಅಂತ ಆರಿಸಲಿಲ್ಲ. 1985ರಲ್ಲಿ ತೀರಿಕೊಂಡರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಅವರ ನೆನಪಿಗೆ ಒಂದು ವಿಶೇಷ ಸಂಚಿಕೆ ತಂದಿತು. ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದ ಜೋಶುವಾ ಲೆಡರ್‌ಬರ್ಗ್ ಅದಕ್ಕೆ ಬರೆದರು. ಒಳ್ಳೆ ಕೆಲಸ. ಐದು ವರ್ಷ ತಡ.

ಈಗ ಅಳತೆಗೋಲು ಬದಲಿಸುವ ಮಾತು ನಡೀತಿದೆ ಅಂತ ಹೇಳಲೇಬೇಕು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೋಶವಿಜ್ಞಾನಿಗಳು ಸೇರಿದಾಗ ಹುಟ್ಟಿದ ‘ಡೋರಾ’ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಸಂಶೋಧಕನ ಬೆಲೆ ಕಟ್ಟಬೇಡಿ ಅನ್ನುತ್ತೆ. ನಮ್ಮಲ್ಲಿ ಆರೋಗ್ಯ ಮತ್ತು ಜೀವವಿಜ್ಞಾನಕ್ಕೆ ಹಣ ಕೊಡುವ ಇಂಡಿಯಾ ಅಲಯನ್ಸ್ ಕೂಡ ಅದಕ್ಕೆ ಸಹಿ ಹಾಕಿದೆ. ಬೇಕಾದ್ದೇ. ಆದರೆ ಕಾರಿಕೊಗೆ ಮುಳುವಾದದ್ದು ಇಂಪ್ಯಾಕ್ಟ್ ಫ್ಯಾಕ್ಟರ್ ಅಲ್ಲ, ಗ್ರ್ಯಾಂಟು. ಪಕ್ಕದ ಬೆಂಚಿನವನ ಮಾತಿಗೆ ತೂಕ ಕೊಡುವ ಕಾಲಂ ಇನ್ನೂ ಬಂದಿಲ್ಲ.

ಪುಸ್ತಕವನ್ನ ನನ್ನ ಹಳೇ ರೂಮ್‌ಮೇಟ್ ಒಬ್ಬನಿಗೆ ಕೊಟ್ಟಿದ್ದೆ. ಹಾಸನದ ಕಡೆಯವನು, ಮನೆಯಲ್ಲಿ ಮೊದಲ ಪಿಎಚ್‌ಡಿ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಆರನೇ ವರ್ಷ. ಟಿಬಿ ಬ್ಯಾಕ್ಟೀರಿಯಾದ ಗೋಡೆ ಅವನ ವಿಷಯ. 2023ರಲ್ಲಿ ಕೇಂದ್ರ ಸರಕಾರ ಜೆಆರ್‌ಎಫ್ ಅನ್ನು 31,000ದಿಂದ 37,000ಕ್ಕೆ, ಎಸ್‌ಆರ್‌ಎಫ್ ಅನ್ನು 42,000ಕ್ಕೆ ಏರಿಸಿದಾಗ ನಮಗೆಲ್ಲ ಪಾರ್ಟಿ ಕೊಡಿಸಿದ್ದ. ಈಗ ಐದು ವರ್ಷದ ಫೆಲೋಶಿಪ್ ಮುಗಿದಿದೆ, ಗೈಡ್ ಒಳ್ಳೆಯವರು, ಯಾವುದೋ ಪ್ರಾಜೆಕ್ಟಿನಲ್ಲಿ ಸೇರಿಸಿಕೊಂಡು ಇಟ್ಟುಕೊಂಡಿದ್ದಾರೆ. ಆ ಗೈಡ್ ಮುಂದಿನ ವರ್ಷ ರಿಟೈರ್ ಆಗ್ತಿದ್ದಾರೆ.

ಎರಡು ವಾರ ಬಿಟ್ಟು ಫೋನ್ ಮಾಡಿದಾಗ ಪುಸ್ತಕ ಹೇಗಿದೆ ಅಂತ ಕೇಳಿದೆ. ‘ಲ್ಯಾಂಗರ್ ಬರೋ ತನಕ ಓದಿದೀನಿ ಕಣೋ’ ಅಂದ. ಆಮೇಲೆ, ಪೈಥಾನ್ ಬರುತ್ತೆ, ಸ್ಟಾಟಿಸ್ಟಿಕ್ಸ್ ಚೆನ್ನಾಗೇ ಬರುತ್ತೆ, ನಿಮ್ಮ ಕಂಪನಿಯಲ್ಲಿ ಡೇಟಾ ಟೀಮಿಗೆ ರೆಫರಲ್ ಹಾಕ್ತೀಯಾ ಅಂತ ಕೇಳಿದ. ರೆಸ್ಯೂಮೆ ಕಳಿಸಿದ್ದಾನೆ. ಆರು ವರ್ಷದ ಟಿಬಿ ಕೆಲಸವನ್ನ ಎರಡು ಸಾಲಿಗೆ ಇಳಿಸಿಕೊಡು, ಎಚ್‌ಆರ್‌ಗೆ ಅರ್ಥ ಆಗಬೇಕು ಅಂದಿದ್ದಾನೆ. ಒಂದು ಸಾಲು ಬರೆದಿದ್ದೀನಿ, ಇನ್ನೊಂದು ಬಾಕಿ ಇದೆ.