ಕಡಲಂಚಿನ ಕಾಲುದಾರಿ: ಗುಣದೋಷ ವಿವೇಚನೆ

ವಿಮರ್ಶೆಗೆ ಒಳಪಡುವ ಕೃತಿಗೆ ಒಬ್ಬ ಕರ್ತೃವಿರಬೇಕೆಂಬುದು ಸಾಮಾನ್ಯವಾದ ಗ್ರಹಿಕೆ. ಕುಮಟೆಯ ಕಡಲತೀರದಿಂದ ಹೊರಟು, ವನ್ನಳ್ಳಿ, ಮಂಗೊಡ್ಲು, ಕಡ್ಲೆ, ಬಾಡ, ಕಾಗಾಲಗಳನ್ನು ಹಾಯ್ದು, ಅಘನಾಶಿನಿಯ ಅಳಿವೆಯನ್ನು ತಾರಿಯಲ್ಲಿ ದಾಟಿ, ತದಡಿಯಿಂದ ಮುಂದಕ್ಕೆ ಬೆಲೆಕಾನ, ಪ್ಯಾರಡೈಸ್, ಅರ್ಧಚಂದ್ರ, ಓಂ, ಕುಡ್ಲೆ ಎಂಬ ಕಿರುದಂಡೆಗಳನ್ನು ಗುಡ್ಡ ಹತ್ತಿ ಗುಡ್ಡ ಇಳಿದು ಒಂದಾದ ಮೇಲೊಂದರಂತೆ ಮುಟ್ಟುತ್ತ, ಕಟ್ಟಕಡೆಗೆ ರಾಮತೀರ್ಥದ ಬಳಿ ಗೋಕರ್ಣವನ್ನು ಸೇರುವ, 20 ಕಿಲೋಮೀಟರಿಗೂ ಮಿಕ್ಕ ಕಾಲುದಾರಿಗೆ ಅಂಥ ಕರ್ತೃವಿಲ್ಲ. ಬಲೆ ಹೊತ್ತವರು, ದನ ಕಾಯುವವರು, ಸೊಪ್ಪುಸೌದೆಗೆ ಗುಡ್ಡವೇರಿದ ಹೆಂಗಸರು, ಇವರೆಲ್ಲರ ಪಾದಗಳು ತಮಗೆ ಅರಿವಿಲ್ಲದೆಯೇ ರಚಿಸಿದ ದಾರಿಯಿದು. ಆದರೂ ಅದರಲ್ಲಿ ಒಂದು ಕ್ರಮವಿದೆ, ಪ್ರಮಾಣವಿದೆ, ಕಾಣಿಸುವುದರಲ್ಲಿ ಹೇಗೋ ಮರೆಮಾಡುವುದರಲ್ಲಿಯೂ ಹಾಗೆಯೇ ಒಂದು ಜಾಣ್ಮೆಯಿದೆ. ಆದಕಾರಣ ದಾರಿಯನ್ನೂ, ಅದನ್ನು ನಡೆಯುವ ಈಗಿನ ಪದ್ಧತಿಯನ್ನೂ ಗುಣದೋಷಗಳ ಒರೆಗೆ ಹಚ್ಚುವುದು ಅನುಚಿತವಾಗಲಾರದು.

ಮೊದಲು ಪದ್ಧತಿಯ ಮಾತು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದ ತರುಣ ತರುಣಿಯರ ಗುಂಪು ಶನಿವಾರ ಬೆಳಗ್ಗೆ ಗೋಕರ್ಣದಲ್ಲಿಳಿದು, ಉಪಾಹಾರ ಮುಗಿಸಿ, ದಾರಿಯ ಉತ್ತರಾರ್ಧವನ್ನು ಮಾತ್ರ ಆರಿಸಿಕೊಂಡು ದಕ್ಷಿಣಾಭಿಮುಖವಾಗಿ ಹೊರಡುತ್ತದೆ. ಊರ ದಂಡೆಯೂ ಸೇರಿ ಐದು ಬೀಚುಗಳನ್ನು ಬೆರಳೆಣಿಸಿ ಪೂರೈಸಿ, ಪ್ಯಾರಡೈಸಿನಲ್ಲಿ ದೋಣಿ ಹತ್ತಿ, ನಡೆದು ಬಂದುದೆಲ್ಲವನ್ನೂ ಅರ್ಧ ಗಳಿಗೆಯಲ್ಲಿ ಹಿಂದಕ್ಕೆ ಓಡಿಸಿಬಿಡುತ್ತದೆ. ಈ ಉತ್ಸಾಹವನ್ನು ನಾನು ಹಳಿಯಲೊಲ್ಲೆ. ಯೌವನದಲ್ಲಿ ಕಾಲು ನೋಯಿಸಿಕೊಳ್ಳುವ ಹವ್ಯಾಸ ಇತರ ಅನೇಕ ಹವ್ಯಾಸಗಳಿಗಿಂತ ನಿಸ್ಸಂದೇಹವಾಗಿ ಮೇಲು. ನನ್ನ ಆಕ್ಷೇಪವಿರುವುದು ಲೆಕ್ಕದ ವಿಷಯದಲ್ಲಿ. ಎಣಿಸಲ್ಪಡುತ್ತಿರುವುವು ದಂಡೆಗಳು, ಅವುಗಳ ನಡುವಣ ಗುಡ್ಡಗಳು ದಾಟಿ ಮುಗಿಸಬೇಕಾದ ವಿಘ್ನಗಳೆಂದೇ ಪರಿಗಣಿತವಾಗಿವೆ. ವಸ್ತುಸ್ಥಿತಿ ಇದಕ್ಕೆ ವಿಪರೀತವಾದುದು. ಹೊಯಿಗೆಯ ದಂಡೆ ಕರಾವಳಿಯಲ್ಲಿ ಎಲ್ಲೆಡೆಯೂ ಉಂಟು, ಕಾರವಾರದಿಂದ ಉಳ್ಳಾಲದವರೆಗೆ ಬೇಕಾದಷ್ಟು ಉಂಟು. ಈ ದಾರಿಯ ವೈಶಿಷ್ಟ್ಯವೆಲ್ಲ ಕಡಲೊಳಕ್ಕೆ ಮೂಗು ಚಾಚಿ ನಿಂತ ಆ ಗುಡ್ಡಗಳಲ್ಲಿಯೇ ಇದೆ, ದಂಡೆಗಳು ಅಲ್ಲಿ ವಿರಾಮಸ್ಥಾನಗಳು ಮಾತ್ರ.

ಆ ಗುಡ್ಡಗಳ ರಚನೆಯನ್ನು ತುಸು ಗಮನಿಸಬೇಕು. ಲಕ್ಷಾಂತರ ವರ್ಷಗಳ ಮಳೆ ಮೂಲಶಿಲೆಯೊಳಗಿನ ಸಿಲಿಕಾಂಶವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶಗಳನ್ನು ಹಿಂದುಳಿಸಿದ್ದರಿಂದ ಉಂಟಾದ ಕೆಂಪು ಚಿರೇಕಲ್ಲು ಇವುಗಳ ನೆತ್ತಿಯ ಮೇಲೆ ಗಟ್ಟಿಯಾದ ಹೊದಿಕೆಯಾಗಿ ಕೂತಿದೆ. ಅದರ ಕೆಳಗಿನ ಪದರವೋ ಮೃದು. ಕಡಲು ಬುಡವನ್ನು ಕೊರೆಯುತ್ತದೆ, ಆಧಾರ ತಪ್ಪಿದ ಮೇಲಿನ ಹೊದಿಕೆ ತುಂಡುತುಂಡಾಗಿ ಜರಿದು ಬೀಳುತ್ತದೆ, ಹೀಗೆ ಕಡಿದಾದ ಕೆಂಪು ಗೋಡೆಯೂ ಅದರ ಪಾದದಲ್ಲಿ ಬಂಡೆಗಳ ರಾಶಿಯೂ ಏರ್ಪಡುತ್ತವೆ. ಟಿಪ್ಪುವಿನ ಪತನಾನಂತರ ಕಂಪೆನಿ ಸರಕಾರದ ಅಪ್ಪಣೆಯ ಮೇಲೆ 1800-01ರಲ್ಲಿ ಈ ಸೀಮೆಗಳನ್ನೆಲ್ಲ ಸುತ್ತಿ, ಗೋಕರ್ಣಕ್ಕೂ ಬಂದು ಹೋದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನೇ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು. ನಾಮಕರಣಕ್ಕೆ ಕಾರಣವಾದದ್ದು ಮಲಬಾರಿನ ಅಂಗಡಿಪುರದ ಕಲ್ಲಾದರೂ, ಅದರ ದಾಯಾದಿಗಳನ್ನು ಅವನು ಇಲ್ಲಿಯೂ ತುಳಿದಿರಲೇಬೇಕು. ಬೆಳೆಯನ್ನೂ ಮಣ್ಣನ್ನೂ ಅಳೆಯಲು ಬಂದವನಾದುದರಿಂದ ಅವನ ಬರವಣಿಗೆಯಲ್ಲಿ ಸೌಂದರ್ಯದ ಪ್ರಸ್ತಾಪ ವಿರಳ. ನೋಡಿದುದನ್ನು ನೆಟ್ಟಗೆ ನೋಡಿದ ಎಂಬ ಸಮಾಧಾನ ಮಾತ್ರ ಅವನ ಓದುಗನಿಗೆ ದೊರೆಯುತ್ತದೆ. ಇಂದು ಕಡಿದಾದ ಅಂಚಿನಲ್ಲಿ ಬೆನ್ನು ಕಡಲಿಗೆ, ಮುಖ ಮೊಬೈಲಿಗೆ ಮಾಡಿ ನಿಲ್ಲುವವರಿಗೆ ಅಷ್ಟೂ ದಕ್ಕುವಂತಿಲ್ಲ.

ಇಡೀ ದಾರಿಯಲ್ಲಿ ಶ್ರೇಷ್ಠವಾದ ಭಾಗ ಓಂ ದಂಡೆಗೂ ಪ್ಯಾರಡೈಸಿಗೂ ನಡುವಿನದು ಎಂಬುದು ನನ್ನ ನಿಶ್ಚಿತಾಭಿಪ್ರಾಯ. ಓಂ ದಂಡೆಯ ಜೋಡಿ ಬಾಗು ಕೆಳಗೆ ಹೊಯಿಗೆಯಲ್ಲಿ ನಿಂತವನಿಗೆ ಗೋಚರಿಸುವುದಿಲ್ಲ. ಮಧ್ಯದ ಬಂಡೆಯ ಮೂಗು ಅದನ್ನು ಎರಡಾಗಿ ಸೀಳಿರುವುದರಿಂದ, ಗುಡ್ಡದ ನೆತ್ತಿಗೆ ಏರಿದವನಿಗೆ ಮಾತ್ರ ಅದರ ಸಮಗ್ರ ರೂಪದ ದರ್ಶನ. ಅಲ್ಲಿಂದ ದಕ್ಷಿಣಕ್ಕೆ ದಾರಿ ಗೇರುಮರ, ಕವಳಿಮಟ್ಟಿ, ಕೇಪಳದ ಪೊದೆಗಳೊಳಗೆ ನುಸುಳಿ, ಕಡಲನ್ನು ಪೂರ್ತಿ ಮರೆಮಾಡಿ, ಕೇವಲ ಅದರ ಸದ್ದನ್ನು ಕಿವಿಗೆ ಬಿಟ್ಟು, ಥಟ್ಟನೆ ಒಂದು ತಿರುವಿನಲ್ಲಿ ಪಾದದ ಪಕ್ಕಕ್ಕೇ ಪ್ರಪಾತವನ್ನು ತಂದಿಡುತ್ತದೆ. ಅರ್ಧಚಂದ್ರದ ಪುಟ್ಟ ದಂಡೆಗಿಳಿದು ಮತ್ತೆ ಏರಿದ ಮೇಲೆ ಈ ಕ್ರಮವೇ ತಲೆಕೆಳಗು: ಮರೆಯಿಲ್ಲ, ನೆರಳಿಲ್ಲ, ಇಳಿಜಾರಾದ ಬಂಡೆಯ ಮೇಲೆ ಕಾಲೂರಲು ಎಷ್ಟು ಬೇಕೋ ಅಷ್ಟೇ ಜಾಗ, ಎಡಕ್ಕೆ ಕರಡ ಹುಲ್ಲಿನ ಗುಡ್ಡ, ಬಲಕ್ಕೆ ಕೆಳಗೆ ನೊರೆಗಟ್ಟಿದ ನೀರು, ಮೇಲೆ ರೆಕ್ಕೆ ಬಡಿಯದೆ ತೇಲುವ ಗರುಡ. ಮುಚ್ಚಿ ತೋರಿಸುವುದರ ಬೆನ್ನಿಗೇ ಬಿಚ್ಚಿ ತೋರಿಸುವುದನ್ನು ಇಟ್ಟಿರುವ ಈ ಸಂಯೋಜನೆ ಆಕಸ್ಮಿಕವೇ ಹೌದು. ಆದರೆ ಬುದ್ಧಿಪೂರ್ವಕವಾಗಿ ಹವಣಿಸಿದರೂ ಇದಕ್ಕಿಂತ ಚೆನ್ನಾಗಿ ಕೂಡಿಬರುತ್ತಿತ್ತೆಂದು ಹೇಳುವಂತಿಲ್ಲ.

ಹಾಗಾದರೆ ಯಾವ ದಿಕ್ಕಿನಿಂದ ನಡೆಯಬೇಕು? ರೂಢಿ ಹೇಗೇ ಇರಲಿ, ದಕ್ಷಿಣದಿಂದ ಉತ್ತರಕ್ಕೆ ನಡೆಯುವುದೇ ಸರಿಯೆಂದು ನಾನು ವಾದಿಸುವೆ, ಕಾರಣ ಅಳಿವೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಕೊರಳೊಡ್ಡದೆ ಬಂದ ನದಿ ಕಡಲಿಗೆ ಸೇರುವ ಸ್ಥಳವನ್ನು ತಾರಿಯಲ್ಲಿ ದಾಟುವುದು ಈ ನಡಿಗೆಯ ಮಧ್ಯಬಿಂದು. ಉತ್ತರದಿಂದ ಬಂದವರು ಪ್ಯಾರಡೈಸಿನಲ್ಲಿಯೇ ತಿರುಗುವುದರಿಂದ ಅದನ್ನು ಕಾಣುವುದೇ ಇಲ್ಲ. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟದ ನೀರಲ್ಲಿ ನಿಂತು ಚಿಪ್ಪಿ ಆಯುವವರು, ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿಗಳು, ಒಳನಾಡಿನ ಕಡೆಗೆ ಸಾಣಿಕಟ್ಟೆಯ ಉಪ್ಪಿನ ಆಗರಗಳು, ಇವೆಲ್ಲ ಆ ನೀರನ್ನೇ ನಂಬಿ ಬಾಳುವ ಲೋಕ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಜೌಗುಪ್ರದೇಶದ ಮನ್ನಣೆ ದೊರೆತದ್ದು ಯೋಗ್ಯವೇ ಆಯಿತು. (ಯಶವಂತ ಚಿತ್ತಾಲರು ಹುಟ್ಟಿದ ಹನೇಹಳ್ಳಿಯೂ ಇದೇ ನೆರೆಯಲ್ಲಿದೆ, ಅವರ ಕತೆಗಳನ್ನು ಓದಿದವರು ದಾರಿ ಬಿಟ್ಟು ಒಂದು ಗಳಿಗೆ ಅತ್ತ ಸರಿದರೆ ಯಾರೂ ತಪ್ಪೆನ್ನಲಾರರು.) ಮನುಷ್ಯರ ದುಡಿಮೆಯನ್ನು ಮೊದಲು ಕಂಡು, ಅನಂತರ ನಿರ್ಜನವಾದ ಗುಡ್ಡಗಳಿಗೆ ಏರಿ, ಕೊನೆಗೆ ಕ್ಷೇತ್ರಕ್ಕಿಳಿಯುವ ಕ್ರಮದಲ್ಲಿ ಒಂದು ಆರೋಹಾವರೋಹವಿದೆ, ದೋಣಿಯಲ್ಲಿ ಮುಗಿಯುವ ನಡಿಗೆಗೆ ಅದಿಲ್ಲ.

ದೋಷಗಳು ಇಲ್ಲವೆಂದಲ್ಲ. ಕುಮಟೆಯ ಕಡೆಯ ಭಾಗದಲ್ಲಿ ಕಾಲುದಾರಿ ಮತ್ತೆ ಮತ್ತೆ ಡಾಂಬರು ರಸ್ತೆಗೆ ಕೂಡಿಕೊಂಡು ಸಪ್ಪೆಯಾಗುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಈ ನಡಿಗೆ ಸಾಹಸವಲ್ಲ, ಅವಿವೇಕ. ಅಕ್ಟೋಬರಿನ ತರುವಾಯದ ಶುಭ್ರ ದಿನಗಳಲ್ಲಿಯೂ ಅಂಚಿನ ಬಂಡೆಗೆ ಇಳಿದವರನ್ನು ಅಲೆ ಸೆಳೆದೊಯ್ದ ದುರಂತಗಳು ಗೋಕರ್ಣದವರಿಗೆ ಹೊಸವಲ್ಲ. ಪೊದೆಗಳ ಬುಡದಲ್ಲಿ ನೀರಿನ ಖಾಲಿ ಬಾಟಲಿಗಳು ಎಷ್ಟು ಬಿದ್ದಿವೆಯೆಂದರೆ, ಎಷ್ಟೋ ಕಡೆ ದಾರಿ ತಪ್ಪದಿರುವುದಕ್ಕೆ ಅವೇ ಗುರುತಾಗುತ್ತವೆ. ಕುಡ್ಲೆಯಂತೂ ವಸತಿಗೃಹಗಳ ಸಾಲಿನಲ್ಲಿ ತನ್ನ ಹಿಂದಿನ ಗುಡ್ಡವನ್ನೇ ಅರ್ಧ ಮರೆಸಿಕೊಂಡಿದೆ. ಗೋವೆಯ ಗದ್ದಲಕ್ಕೆ ಬೇಸತ್ತು ಇಲ್ಲಿಗೆ ಬಂದ ವಿದೇಶೀಯರು ಅರಸಿದ ನಿಶ್ಶಬ್ದ ಈಗ ಅಲ್ಲಿ ಬೆಳಗಿನ ಜಾವದಲ್ಲಿ ಮಾತ್ರ ಉಳಿದಿದೆ. ಓಂ ದಂಡೆಯ ನೆತ್ತಿಯವರೆಗೂ ಮೋಟಾರುಗಳು ಬರುವುದರಿಂದ, ಹತ್ತಿ ಬಂದವನಿಗೆ ಮೀಸಲಾಗಿದ್ದ ಆ ದರ್ಶನ ಈಗ ಕಾರಿನ ಬಾಗಿಲು ತೆರೆದವನಿಗೂ ಸಮಪಾಲು. ಅರ್ಧಚಂದ್ರವನ್ನು ಮಾತ್ರ ಇಂದಿಗೂ ಕಾಲ್ನಡಿಗೆಯಿಂದ ಅಥವಾ ದೋಣಿಯಿಂದ ತಲಪಬೇಕು, ಮತ್ತು ಈ ದಾರಿಯನ್ನು ಕುರಿತು ನಾನು ಮೇಲೆ ಆಡಿದ ಹೊಗಳಿಕೆಯ ಮಾತುಗಳಲ್ಲಿ ಬಹುಪಾಲು ಅಲ್ಲಿಗೆ ರಸ್ತೆಯಿಲ್ಲವೆಂಬ ಆ ಒಂದು ಸಂಗತಿಯನ್ನೇ ಆಶ್ರಯಿಸಿವೆ. ರಸ್ತೆ ಬಂದರೆ ಅವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ.