ಮರಣವಾರ್ತೆಯೂ ಪತ್ರಿಕಾಧರ್ಮವೂ

ಜನಾಭಿಪ್ರಾಯವನ್ನು ಇಬ್ಭಾಗಿಸಿದ ರಾಜಕಾರಣಿಯೊಬ್ಬರು ತೀರಿಕೊಂಡಾಗ ಪತ್ರಿಕೆಗಳು ಮೃತರ ಚರಿತ್ರೆಯನ್ನು ಬರೆಯುತ್ತ ತಮ್ಮ ಚಾರಿತ್ರ್ಯವನ್ನೂ ಬರೆದಿಡುತ್ತವೆ. ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರು 2013ರ ಏಪ್ರಿಲ್ 8ರಂದು ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದಾಗ ಅಲ್ಲಿನ ಪತ್ರಿಕೆಗಳು ನಡೆದುಕೊಂಡ ರೀತಿ ಇದಕ್ಕೆ ನಿದರ್ಶನ.

ಮರುದಿನ 'ಡೈಲಿ ಮೇಲ್' ಅವರನ್ನು ಬ್ರಿಟನ್ನನ್ನು ಉಳಿಸಿದ ಮಹಿಳೆಯೆಂದು ಮುಖಪುಟದಲ್ಲಿ ಸಾರಿತು. 'ಡೈಲಿ ಮಿರರ್' ರಾಷ್ಟ್ರವನ್ನು ಒಡೆದ ಮಹಿಳೆಯೆಂದಿತು. ವಾಕ್ಯದ ಅಚ್ಚು ಒಂದೇ, ಕ್ರಿಯಾಪದ ಬೇರೆ. ಎರಡಕ್ಕೂ ಆಧಾರವುಂಟು. 1980ರ ಶಾಸನದಿಂದ ಸ್ಥಳೀಯ ಸಂಸ್ಥೆಯ ಬಾಡಿಗೆ ಮನೆಯನ್ನು ಸ್ವಂತಕ್ಕೆ ಕೊಂಡ ಕುಟುಂಬಕ್ಕೆ ಮೊದಲನೆಯ ಮಾತು ನಿಜ. 1984-85ರ ಮುಷ್ಕರದಲ್ಲಿ ಸೋತು, ಮುಚ್ಚಿದ ಗಣಿಯ ಮುಂದೆ ನಿಂತ ಕಾರ್ಮಿಕನಿಗೆ ಎರಡನೆಯದು ನಿಜ. ಇಡೀ ಬಾಳಿಗೆ ಒಂದೇ ಕ್ರಿಯಾಪದ ಸಾಕೆಂಬ ಭಾವನೆಯಲ್ಲಿಯೇ ದೋಷವಿದೆ. ಹೇಳಿದ್ದು ಸತ್ಯವಾದರೂ ಬಿಟ್ಟದ್ದು ಓದುಗನನ್ನು ದಾರಿ ತಪ್ಪಿಸುತ್ತದೆ.

'ಸೋಷಿಯಲಿಸ್ಟ್ ವರ್ಕರ್' ಇನ್ನೂ ಮುಂದೆ ಹೋಗಿ, ಸಮಾಧಿಶಿಲೆಯ ಚಿತ್ರದೊಡನೆ ಸಂತೋಷಪಡಿರೆಂದು ಕರೆಕೊಟ್ಟಿತು. 1982ರಲ್ಲಿ ದಕ್ಷಿಣ ಜಾರ್ಜಿಯ ದ್ವೀಪವನ್ನು ಮರಳಿ ಗೆದ್ದಾಗ ಥ್ಯಾಚರ್ ಪತ್ರಕರ್ತರಿಗೆ ಹೇಳಿದ್ದೂ ಅದೇ ಪದ. ಯುದ್ಧದ ದಿನ ಆಡಿದ ಮಾತು ಮರಣದ ದಿನ ತಿರುಗಿ ಬಂದಿತು. ಆದರೆ ಪ್ರತೀಕಾರವು ವಿಮರ್ಶೆಯಾಗದು. ಗಣಿಯ ಊರಿನ ನೊಂದ ಮನೆಗಳಿಗೆ ಅದರಿಂದ ನ್ಯಾಯವೇನೂ ದೊರೆಯಲಿಲ್ಲ.

'ಗಾರ್ಡಿಯನ್' ಥ್ಯಾಚರರ ನೀತಿಗಳನ್ನು ವಿರೋಧಿಸಿದ ಪತ್ರಿಕೆ. ಅದು ತನ್ನ ತೀರ್ಪನ್ನು ಸಂಪಾದಕೀಯಕ್ಕೆ ಮೀಸಲಿಟ್ಟು, ಅವರ ಪರಂಪರೆಯಲ್ಲಿ ಸಮಾಜದ ಒಡಕನ್ನೂ ಸ್ವಾರ್ಥವನ್ನೂ ಕಂಡಿತು. ಅದೇ ಬರಹದಲ್ಲಿ, ಅವರ ಸಮಾಧಿಯ ಮೇಲೆ ಯಾರೂ ಕುಣಿಯಬಾರದೆಂದೂ ಹೇಳಿತು. ತೀರ್ಪು ಕಠಿಣ, ನಡೆ ಸಂಯಮದ್ದು.

ಸತ್ತವರ ಬಗ್ಗೆ ಒಳ್ಳೆಯದನ್ನೇ ನುಡಿಯಬೇಕೆಂಬ ಲೋಕರೂಢಿ ಮನೆಯ ದುಃಖಕ್ಕೆ ಒಪ್ಪುತ್ತದೆ. ಹನ್ನೊಂದು ವರ್ಷ ರಾಷ್ಟ್ರವನ್ನಾಳಿದವರ ಕೃತ್ಯಗಳಾದರೋ ಅವರೊಡನೆ ಅಳಿಯವು. ಇತರರ ಬದುಕಿನಲ್ಲಿ ಮುಂದುವರಿಯುತ್ತವೆ. ಅವನ್ನು ಮರೆಮಾಚುವುದು ಬದುಕಿರುವವರಿಗೆ ಮಾಡುವ ಅನ್ಯಾಯ. ಆದುದರಿಂದ ಮರಣಲೇಖನಕ್ಕೆ ಒರೆಗಲ್ಲು ಇಷ್ಟೇ: ಮನೆ ಕೊಂಡ ಕುಟುಂಬವೂ ಕೆಲಸ ಕಳೆದುಕೊಂಡ ಕಾರ್ಮಿಕನೂ ಅದನ್ನೋದಿ, ತಮ್ಮ ಅನುಭವ ಅಲ್ಲಿ ಇದೆಯೆಂದು ಒಪ್ಪಬೇಕು.