‘ಹಾರ್ಟ್‌ಬೀಟ್’: ಆತುರಗಾತಿಯಾದ ನಾಯಿಕೆ

ಹೃದಯದ ಕಸಿಯಂತಹ ದುಸ್ಸಾಧ್ಯ ವಿದ್ಯೆಯನ್ನು, ಪುರುಷರೇ ತುಂಬಿದ್ದ ಶಸ್ತ್ರಚಿಕಿತ್ಸಾಲಯಗಳಲ್ಲಿ ವರ್ಷಾನುವರ್ಷ ನಿಂತು ಕಲಿತು ಕರಗತ ಮಾಡಿಕೊಂಡ ಕ್ಯಾಥಿ ಮ್ಯಾಗ್ಲಿಯಾಟೊ ಎಂಬ ಅಮೆರಿಕದ ವೈದ್ಯೆಯ ಆತ್ಮಕಥನವನ್ನು ಆಧರಿಸಿ ಜಿಲ್ ಗಾರ್ಡನ್ ರೂಪಿಸಿದ ‘ಹಾರ್ಟ್‌ಬೀಟ್’ ಧಾರಾವಾಹಿಯು, ಎನ್‌ಬಿಸಿ ವಾಹಿನಿಯಲ್ಲಿ 2016ರ ಮಾರ್ಚ್‌ನಲ್ಲಿ ಕಾಣಿಸಿಕೊಂಡು, 10 ಕಂತುಗಳನ್ನು ಪೂರೈಸಿ, ಮೇ ತಿಂಗಳು ಕಳೆಯುವ ಮೊದಲೇ ಅಸ್ತಂಗತವಾಯಿತು. ಅಲ್ಪಾಯುಷ್ಯವನ್ನೇ ದೋಷವೆನ್ನಲಾಗದು, ಬೇಗ ಮುಗಿದುಹೋದ ಉತ್ತಮ ಕೃತಿಗಳೂ ಉಂಟು. ಛಲವನ್ನು ಆತುರವೆಂದು ಬಗೆದದ್ದೇ ಇದರ ದೋಷ.

ಮೆಲಿಸಾ ಜಾರ್ಜ್ ಅಭಿನಯಿಸಿದ ನಾಯಿಕೆ ಡಾಕ್ಟರ್ ಅಲೆಕ್ಸ್ ತೆರೆಗೆ ಬಂದ ಕ್ಷಣದಲ್ಲಿಯೇ ಸರ್ವಜ್ಞೆ. ನಿಯಮಗಳನ್ನು ಅತಿಕ್ರಮಿಸುವುದೂ, ಹಿರಿಯರಿಗೆ ಎದುರಾಡುವುದೂ, ಕಡೆಗೆ ತನ್ನ ಮಾತೇ ಸರಿಯೆಂದು ಸಾಧಿಸುವುದೂ ಆಕೆಯ ನಿತ್ಯಕರ್ಮ. 2005ರಲ್ಲಿ ಪ್ರಾರಂಭವಾದ ‘ಗ್ರೇಸ್ ಅನಾಟಮಿ’ ಧಾರಾವಾಹಿಯ ಮೆರೆಡಿತ್ ಬರಿಯ ಇಂಟರ್ನ್ ಆಗಿ ಆಸ್ಪತ್ರೆಯನ್ನು ಹೊಕ್ಕವಳಾದುದರಿಂದ, ಅವಳು ಎಡವುತ್ತ ಕಲಿಯುವುದನ್ನು ನೋಡುವ ಅವಕಾಶ ಪ್ರೇಕ್ಷಕರಿಗಿತ್ತು, ಅಲೆಕ್ಸಳಿಗಾದರೋ ಬೆಳೆಯಲು ಎಡೆಯೇ ಉಳಿದಿರಲಿಲ್ಲ.

ಮ್ಯಾಗ್ಲಿಯಾಟೊ ಅವರ ಪತಿಯೂ ಯಕೃತ್ತಿನ ಕಸಿ ಮಾಡುವ ಶಸ್ತ್ರವೈದ್ಯರು. ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು. ದಾನಿಯ ಅಂಗ ದೊರೆತಿದೆಯೆಂಬ ಕರೆ ಹೊತ್ತುಗೊತ್ತಿಲ್ಲದೆ ಇಬ್ಬರಲ್ಲಿ ಯಾರಿಗಾದರೂ ಬರಬಹುದಾದ ಅಂತಹ ಮನೆಯಲ್ಲಿ, ಆ ರಾತ್ರಿ ಮಕ್ಕಳ ಬಳಿ ಯಾರಿರತಕ್ಕದ್ದು ಎಂಬ ಒಂದು ಪ್ರಶ್ನೆಯೊಳಗೇ ಹತ್ತು ಕಂತುಗಳಿಗೆ ಸಾಲುವಷ್ಟು ನಾಟಕ ಅಡಗಿತ್ತು. ಅದನ್ನು ಬದಿಗೊತ್ತಿ ಧಾರಾವಾಹಿಯು, ಈಗಿನ ಪ್ರಿಯನಾದ ಸಹೋದ್ಯೋಗಿಯನ್ನೂ ಹಿಂದೊಮ್ಮೆ ಪ್ರಿಯನಾಗಿದ್ದ ಗುರುವನ್ನೂ ಅಲೆಕ್ಸಳ ಎಡಬಲಗಳಲ್ಲಿ ನಿಲ್ಲಿಸಿ, ಸವೆದುಹೋದ ಪ್ರಣಯತ್ರಿಕೋಣವನ್ನು ಕಟ್ಟಿತು. ಸಲಿಂಗಿಯಾದ ವಿಚ್ಛೇದಿತ ಪತಿ ಮ್ಯಾಕ್ಸನೊಡನೆ ಆಕೆಗಿರುವ ನಿಷ್ಕಪಟ ಸ್ನೇಹವೊಂದು ಮಾತ್ರ, ನನ್ನ ಮಟ್ಟಿಗೆ, ಈ ಕೃತಿಯಲ್ಲಿ ಜೀವಂತವಾದ ಭಾಗ.

ಇದಕ್ಕಿಂತ ಹಿರಿದಾದ ನಷ್ಟ ಮತ್ತೊಂದಿದೆ. ಅಮೆರಿಕದ ಸ್ತ್ರೀಯರ ಮರಣಕ್ಕೆ ಹೃದ್ರೋಗವೇ ಪ್ರಥಮ ಕಾರಣ. ಎದೆನೋವು ಪ್ರಬಲವಾಗಿಲ್ಲದೆ, ಓಕರಿಕೆ, ಉಬ್ಬಸ, ದವಡೆಯ ಅಥವಾ ಬೆನ್ನಿನ ನೋವು, ಅತಿಯಾದ ಬಳಲಿಕೆ ಇವುಗಳ ರೂಪದಲ್ಲಿಯೂ ಹೃದಯಾಘಾತವು ಅವರಲ್ಲಿ ತಲೆದೋರಬಹುದಾದುದರಿಂದ, ರೋಗಿಯೂ ಕೆಲವೊಮ್ಮೆ ವೈದ್ಯರೂ ಅದನ್ನು ಅಜೀರ್ಣವೆಂದೋ ಆಯಾಸವೆಂದೋ ಎಣಿಸಿ ಅಮೂಲ್ಯವಾದ ಸಮಯವನ್ನು ಕಳೆಯುತ್ತಾರೆ. ಮ್ಯಾಗ್ಲಿಯಾಟೊ ಈ ವಿಷಯವನ್ನು ಸಾರಿ ಹೇಳುತ್ತ ಬಂದವರು. ಮನೆಮನೆಯನ್ನೂ ಹೊಗಬಲ್ಲ ಮಾಧ್ಯಮವು ಕೈಯಲ್ಲಿದ್ದಾಗ, ಅಪೂರ್ವ ರೋಗಗಳ ವಿಸ್ಮಯಕ್ಕೆ ಮರುಳಾಗಿ ಇದನ್ನು ಹಿನ್ನೆಲೆಗೆ ಸರಿಸಿದ್ದು ಅಕ್ಷಮ್ಯ.

ನಟಿಯನ್ನು ದೂರಲಾರೆ, ದೊರೆತ ಸಂಭಾಷಣೆಗೆ ಆಕೆ ತನ್ನಿಂದಾದಷ್ಟು ಚೈತನ್ಯವನ್ನು ತುಂಬಿದ್ದಾಳೆ. ಕಾಲಾವಕಾಶವುಳ್ಳ ಓದುಗರು ಮೂಲಗ್ರಂಥವನ್ನು ಓದಲಿ. ಧಾರಾವಾಹಿಯನ್ನು ನೋಡದೆ ಬಿಟ್ಟರೂ ಆದೀತು.